'ಬುಡು' ಬಿಟ್ಟ ಬೆಟ್ಟಸ್ವಾಮಿ

ಬೆಟ್ಟಸ್ವಾಮಿಯವರು ಬಸ್ಸಿನಿಂದ ಇಳಿಯುವುದಿಲ್ಲ, ನೆಲ ಮುಟ್ಟುತ್ತಾರೆ. ತುಮಕೂರಿನಿಂದ ಬರುವ ಬಸ್ಸು ಗುಬ್ಬಿಯ ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ಮುಂಚೆಯೇ ಉಳಿದವರೆಲ್ಲ ಒಂದು ಕಾಲು ಕೆಳಗೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟುಕೊಂಡು ತಳ್ಳಾಡುತ್ತಿದ್ದರೆ, ಇವರು ಬಸ್ಸು ಬಂಡೆಯ ಹಾಗೆ ನಿಂತ ಮೇಲೆ ಬಾಗಿಲಿಗೆ ಬಂದು, ಕೊನೆಯ ಮೆಟ್ಟಿಲಿನ ಮೇಲೆ ಎರಡೂ ಪಾದ ಜೋಡಿಸಿ, ಮಂಡಿ ತುಸು ಬಾಗಿಸಿ, ಗದ್ದವನ್ನು ಎದೆಗೆ ತಂದು, ಒಂದು ಗಳಿಗೆ ಯೋಚಿಸಿ, ಆಮೇಲೆ ತಮ್ಮ ಐವತ್ತೆಂಟು ವರ್ಷದ ಭಾರವನ್ನೆಲ್ಲ ಒಂದೇ ಸಲಕ್ಕೆ ಭೂಮಿಗೆ ಒಪ್ಪಿಸುತ್ತಾರೆ.

"ಯಜಮಾನ್ರೆ, ಇದು ಬಸ್ಸು ಕಣ್ರೀ, ಇಮಾನ ಅಲ್ಲ," ಎಂದು ಕಂಡಕ್ಟರು ಒಮ್ಮೆ ಅಂದಿದ್ದ.

"ಎತ್ರ ಯಾವ್ದಾದ್ರೇನಪ್ಪ, ನೆಲ ಅದೇ ತಾನೆ," ಅಂದರಂತೆ ಇವರು, ನಗದೆ.

ಅವರ ನಡಿಗೆಯೂ ಹಾಗೆಯೇ; ಯಾವುದೋ ಎತ್ತರದಿಂದ ಈಗಷ್ಟೇ ಬಂದು ಮುಟ್ಟಿದವರ ನಡಿಗೆ. ಮೊಣಕಾಲು ಎಂದೂ ಪೂರ್ತಿ ನೆಟ್ಟಗಾಗದು, ಪಾದಗಳು ಒಂದನ್ನೊಂದು ಅಗಲಿ ದೂರ ಹೋಗವು. ಹೆಬ್ಬೂರಿನಲ್ಲಿ ಹುಟ್ಟಿ, ಹದಿನೆಂಟಕ್ಕೆ ಸೈನ್ಯ ಸೇರಿ, ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಧುಮುಕುವ ದಳದಲ್ಲಿ ಮೂವತ್ತೆರಡು ವರ್ಷ ಇದ್ದು, ಅದರಲ್ಲಿ ಅರ್ಧಕಾಲ ಹೊಸಬರಿಗೆ ಆ ವಿದ್ಯೆಯನ್ನೇ ಕಲಿಸಿ ಬಂದವರು. ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಾರದೆ, ಕುಣಿಗಲ್ಲಿನಾಚೆ ಖಾಸಗಿಯವರೊಬ್ಬರು ಮಾಡಿಕೊಂಡಿದ್ದ ವಿಮಾನ ಇಳಿಯುವ ಪುಟ್ಟ ಬಯಲಿನಲ್ಲಿ ವಾರಕ್ಕೆರಡು ದಿನ ಆಸಕ್ತರನ್ನು ಧುಮುಕಿಸುವುದು, ಉಳಿದ ದಿನ ಗುಬ್ಬಿಯಲ್ಲಿ ನಮ್ಮ ಯಜಮಾನರ ಕಾಲದ ಕೊಬ್ಬರಿ ಗೋಡೌನಿನೊಳಗೆ ನೆಲದ ಪಾಠ ಹೇಳುವುದು ಎಂದು ಗೊತ್ತುಮಾಡಿಕೊಂಡರು. ನನ್ನ ಹಿತ್ತಿಲ ಬಾಗಿಲು ತೆಗೆದರೆ ಗೋಡೌನೇ. ಏಳು ವರ್ಷದಿಂದ ಅವರ ಪಾಠವೆಲ್ಲ ಕಿವಿಗೆ ಬಿದ್ದು ಬಿದ್ದು, ಅಟ್ಟ ಹತ್ತುವುದಕ್ಕೇ ತಲೆಸುತ್ತುವ ನನಗೂ ಆಕಾಶದಿಂದ ಬೀಳುವ ಕ್ರಮ ಬಾಯಿಗೆ ಬಂದುಬಿಟ್ಟಿದೆ.

ಆ ಗೋಡೌನು ಈಗ ನೋಡಬೇಕು. ಮೊದಲು ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗೆ ಈಗ ಪಟ್ಟಿಗಳ ಜೋಲಿ. ಮೂಟೆ ಇಡುತ್ತಿದ್ದ ಕಟ್ಟೆಯ ಮುಂದೆ ಮರಳು ತುಂಬಿದ ಗುಂಡಿ. ಕಲಿಯಲು ಬಂದವರು ಜೋಲಿಯಲ್ಲಿ ತೂಗಾಡುತ್ತ ಇಲ್ಲದ ಆಕಾಶವನ್ನು ನೋಡುತ್ತಾರೆ, ಕಟ್ಟೆಯಿಂದ ಮರಳಿಗೆ ಜೋಡಿಗಾಲಿನಲ್ಲಿ ಧುಮುಕಿ, ಪಾದ, ಮೀನಖಂಡ, ತೊಡೆ, ಪಕ್ಕೆ, ಹೀಗೆ ಒಂದಾದ ಮೇಲೊಂದನ್ನು ನೆಲಕ್ಕೆ ಕೊಡುತ್ತ ಉರುಳುತ್ತಾರೆ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಬೆಟ್ಟಸ್ವಾಮಿಯವರು ಒಬ್ಬರೇ ಒಂದು ನೀಲಿ ಛತ್ರಿಯನ್ನು, ಪ್ಯಾರಾಚೂಟಿಗೆ ಅವರ ಮಾತು ಅದು, ನೆಲದ ತುಂಬ ಹಾಸುತ್ತಾರೆ. ಗಾಜಿನ ಹೆಂಚಿನಿಂದ ಬಿಸಿಲಿನ ಒಂದು ಕೋಲು ಇಳಿದು ಆ ನೀಲಿಯ ಮೇಲೆ ಮೆಲ್ಲಗೆ ಜರುಗುತ್ತಿರುತ್ತದೆ. ಬಾಗಿಲಿನಿಂದ ತುಸುವೇ ಗಾಳಿ ಬಂದರೂ ಸಾಕು, ಬಟ್ಟೆ ಉಬ್ಬಿ, ಇಳಿದು, ಮತ್ತೆ ಉಬ್ಬಿ, ನಿದ್ದೆ ಹೋದ ಯಾವುದೋ ದೊಡ್ಡ ಪ್ರಾಣಿಯಂತೆ ಉಸಿರಾಡುತ್ತದೆ. ಅದರ ಪಕ್ಕದಲ್ಲಿ ಮಂಡಿಯೂರಿ ಅವರು ನೆರಿಗೆ ಹಿಡಿಯುವುದನ್ನು ನೋಡಿದರೆ, ಮದುವಣಗಿತ್ತಿಗೆ ಸೀರೆ ಉಡಿಸುವ ಸೋದರತ್ತೆಯರು ಇವರಲ್ಲಿ ಬಂದು ಕಲಿಯಬೇಕು ಅನ್ನಿಸುತ್ತದೆ. ನಡುವೆ ಯಾರಾದರೂ ಮಾತನಾಡಿಸಿದರೆ ಮಡಿಸಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಹಿಡಿಯುತ್ತಾರೆ. ನಾನು ಕಾಫಿ ತೆಗೆದುಕೊಂಡು ಹೋದರೆ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಎಷ್ಟೋ ಕಾಫಿ ಹಾಗೆ ಆರಿಹೋಗಿದೆ.

ಇನ್ನು ಅವರ ಕೋಟು. ಹಳೆಯ ಖಾಕಿ ಕೋಟು, ಬಲ ಎದೆಯ ಮೇಲೆ ಅಂಗೈಯಗಲ ಕೆಂಪು ಬಟ್ಟೆ, ಎಡ ಎದೆಯ ಮೇಲೆ ಅಷ್ಟೇ ಅಗಲದ ಬಿಳಿ ಬಟ್ಟೆ. ಕೆಂಪು, ಕೆಟ್ಟುಹೋದ ಛತ್ರಿಯನ್ನು ಕಳಚುವ ಹಿಡಿಯ ಗುರುತು. ಬಿಳಿ, ಬೆನ್ನಿನಲ್ಲಿರುವ ಎರಡನೆಯ ಛತ್ರಿಯನ್ನು ಬಿಚ್ಚುವುದರ ಗುರುತು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅವರ ಕೈ ತಾನಾಗಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೋಗಿ ಬರುತ್ತದೆ. ಕಂಡವರು, ಪಾಪ, ಎದೆನೋವೇನೋ ಎಂದುಕೊಳ್ಳುತ್ತಾರೆ. ಗಾಳಿಯ ವಿಷಯದಲ್ಲಂತೂ ಅವರ ಹಟ ಹೇಳತೀರದು. ಬಯಲಿನ ಕಂಬಕ್ಕೆ ಕಟ್ಟಿದ ಗಾಳಿಚೀಲ ಅವರಿಗೆ ಬೇಕಾದಷ್ಟಕ್ಕಿಂತ ಒಂದು ಗೇಣು ಮೇಲೆದ್ದರೆ ಆ ದಿನ ಯಾರೂ ಹಾರುವಂತಿಲ್ಲ. ಕೋರದಲ್ಲಿ ಟೈರಿನ ಅಂಗಡಿ ಇಟ್ಟಿರುವ ಚನ್ನೇಶ್, ಅವರ ಶಿಷ್ಯರಲ್ಲಿ ಬಾಯಾಳಿ, "ಸಾರ್, ಈ ಗಾಳೀಲಿ ರಾಗಿ ತೂರಕ್ಕೂ ಆಗಲ್ಲ, ಇದಕ್ಕೆ ಹೆದ್ರಕಂತೀರಲ್ಲ" ಎಂದು ರೇಗಿಸಿದರೆ, "ರಾಗಿಗೆ ಕಾಲು ಮುರಿಯಲ್ಲ ಚನ್ನೇಶ, ನಡಿ ಮನೆಗೆ" ಎಂದು ಸಾಮಾನು ಕಟ್ಟುತ್ತಿದ್ದರು.

ಸೈನ್ಯದಲ್ಲಿ ಹಿಂದಿಯಲ್ಲೇ ಕಲಿತು ಹಿಂದಿಯಲ್ಲೇ ಕಲಿಸಿದವರು, ಇಲ್ಲಿಗೆ ಬಂದ ಮೇಲೆ ಪಾಠವನ್ನೆಲ್ಲ ಕನ್ನಡಕ್ಕೆ ತಂದುಕೊಂಡರು. ಅದು ಅವರ ಹೆಮ್ಮೆ. "ಹೆದ್ರಿದ ಕಿವಿಗೆ ಬ್ಯಾರೆ ಭಾಷೆ ತೂರಲ್ಲ ಅಕ್ಕಾವ್ರೆ. ಅವ್ವ ಕರ್ದಂಗಿರ್ಬೇಕು," ಅನ್ನುತ್ತಿದ್ದರು. ವಿಮಾನದಿಂದ ಹೊರಬಿದ್ದೊಡನೆ ಹೊಟ್ಟೆ ಮುಂದಕ್ಕೆ, ಕೈಕಾಲು ಹಿಂದಕ್ಕೆ ಮಾಡಬೇಕಲ್ಲ, ಅದಕ್ಕೆ ಅವರ ಮಾತು "ಬಿಲ್ಲಾಗು". ವಿಮಾನಕ್ಕೆ ಕಟ್ಟಿದ ಪಟ್ಟಿ ಎಳೆದು ಛತ್ರಿ ಬಿಚ್ಚಿಕೊಂಡ ಮೇಲೆ ತಲೆಯೆತ್ತಿ ಮೂರು ಪ್ರಶ್ನೆ ಕೇಳಬೇಕು: ಅಗಲ ಐತಾ, ನೆಟ್ಟಗೈತಾ, ಹೇಳ್ದಂಗೆ ಕೇಳ್ತದಾ.

"ಎತ್ತು ಕೊಳ್ಳಕ್ಕೋದ್ರೂ ಇವೇ ಮೂರು ಕೇಳದು ಸಾರ್," ಅಂದಿದ್ದ ಚನ್ನೇಶ್.

"ಎತ್ತಾದ್ರೆ ನಾಳೆ ವಾಪಸ್ ಕೊಡಬೌದು. ಇದನ್ನ ಅಲ್ಲೇ ತೀರ್ಮಾನ ಮಾಡ್ಬೇಕು. ಎರಡು ಸಾವಿರ ಅಡಿಗೆ ಇಳಿಯೋದ್ರೊಳಗೆ ಮೂರರಲ್ಲಿ ಒಂದಕ್ಕೆ ಇಲ್ಲ ಅಂತ ಬಂದ್ರೂ ಕೆಂಪು ನೋಡು, ಕೆಂಪು ಹಿಡಿ, ಕೆಂಪು ಎಳಿ. ಆಮ್ಯಾಲೆ ಬಿಳಿ."

ಎಲ್ಲಕ್ಕಿಂತ ಕೊನೆಯ ಪಾಠ, ಎಲ್ಲಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದದ್ದು, ಇಳಿಯುವುದು. ಎರಡು ಕೈಯಲ್ಲೂ ಛತ್ರಿಯ ಲಗಾಮಿನಂಥ ಹಿಡಿಗಳು. ನೆಲ ಇನ್ನು ಹತ್ತು ಹನ್ನೆರಡು ಅಡಿ ಇರುವಾಗ ಎರಡನ್ನೂ ಒಟ್ಟಿಗೆ ಕೆಳಕ್ಕೆ ಎಳೆದರೆ ಛತ್ರಿ ವೇಗ ಕಳೆದುಕೊಂಡು ಮಗುವನ್ನು ತೊಟ್ಟಿಲಿಗೆ ಹಾಕಿದಂತೆ ಹಾಕುತ್ತದೆ. ಅವಸರಪಟ್ಟು ಮೇಲೆಯೇ ಎಳೆದುಬಿಟ್ಟರೆ, ಎಳೆದದ್ದನ್ನು ಹಾಗೆಯೇ ಹಿಡಿದಿರಬೇಕು. ಕೈ ಸಡಿಲಿಸಿದರೆ ಛತ್ರಿ ಮುಂದಕ್ಕೆ ನುಗ್ಗಿ ಹೊತ್ತವರನ್ನು ನೆಲಕ್ಕೆ ಬಡಿಯುತ್ತದೆ.

ಇಷ್ಟೆಲ್ಲ ಮಾತನ್ನು ತೂಗಿ ತೂಗಿ ಇಟ್ಟುಕೊಂಡಿದ್ದ ಮನುಷ್ಯನಿಗೆ ತೂಕಕ್ಕೇ ಬಾರದ ಒಂದು ಮಾತು ನಾಲಗೆಯ ತುದಿಯಲ್ಲಿ ಮನೆ ಮಾಡಿಕೊಂಡಿತ್ತು. ಅದು 'ಬುಡು', ಅಂದರೆ ಬಿಡು. ನಮ್ಮ ಕಡೆ ಯಾರ ಬಾಯಲ್ಲಿಲ್ಲ ಹೇಳಿ. ಬೇಡವೆನ್ನಲು ಬುಡು, ಬೇಕಾದರೂ ಬುಡು, ಸಿಟ್ಟಿಗೆ ಬುಡು, ಸಮಾಧಾನಕ್ಕೆ ಬುಡು. ಆದರೆ ಬೆಟ್ಟಸ್ವಾಮಿಯವರಲ್ಲಿ ಅದು ವಾಕ್ಯದ ಬಾಲದಂತೆ ಬಂದೇ ಬರುತ್ತಿತ್ತು. "ಊಟ ಆಯ್ತು ಬುಡಿ ಅಕ್ಕಾವ್ರೆ." "ನಾಳೀಕೆ ಗಾಳಿ ಕಮ್ಮಿ ಆಯ್ತದೆ ಬುಡು." ಮರಳಿನಲ್ಲಿ ಯಾರಾದರೂ ಎಡವಟ್ಟಾಗಿ ಬಿದ್ದರೆ, "ಹೋಗ್ಲಿ ಬುಡು, ಇನ್ನೊಂದ್ ಸಲ." ಆ ಮಾತಿನ ಮೆತ್ತನೆಯಲ್ಲಿ ಎಷ್ಟೋ ಜನ ಭಯ ಕಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಅದು ಪಾಠದ ಮಾತಲ್ಲವಾದ್ದರಿಂದ ಅವರು ಅದನ್ನು ಪರೀಕ್ಷೆ ಮಾಡಲೂ ಇಲ್ಲ.

ಅಕ್ಷತಾ ಬಂದದ್ದು ತುಮಕೂರಿನಿಂದ. ಅಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ; ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿರುವ ಹುಡುಗಿ. "ಚಿಕ್ಕದನ್ನ ನೋಡಿ ನೋಡಿ ಕಣ್ಣು ಸಾಕಾಗೈತೆ ಅಜ್ಜಿ, ದೊಡ್ಡದೊಂದು ನೋಡ್ಬೇಕು," ಅಂದಿದ್ದಳು. ಮೊದಲ ಸಲ ಧುಮುಕಿ ಬಂದ ಸಂಜೆ ನಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು ಅವಳು ಹೇಳಿದ್ದು ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ: ವಿಮಾನದ ಗದ್ದಲ ಮುಗಿದು ಛತ್ರಿ ಬಿಚ್ಚಿಕೊಂಡ ಮೇಲೆ ಸದ್ದೇ ಇಲ್ಲವಂತೆ, ಮಾರ್ಕೋನಹಳ್ಳಿ ಅಣೆಕಟ್ಟಿನ ನೀರು ಯಾರೋ ಕೈತಪ್ಪಿ ಬೀಳಿಸಿದ ಕನ್ನಡಿಯ ಚೂರಿನಂತೆ ಹೊಳೆಯುತ್ತಿತ್ತಂತೆ, ತನ್ನದೇ ನೆರಳು ಛತ್ರಿಯ ಸಮೇತ ತೆಂಗಿನ ತೋಟಗಳ ಮೇಲೆ ಇರುವೆಯ ಹಾಗೆ ಹರಿದು ಹೋಗುತ್ತಿತ್ತಂತೆ. ಆ ನಿಶ್ಶಬ್ದದ ನಡುವೆ ಕಿವಿಯೊಳಗೆ ಒಂದೇ ಒಂದು ದನಿ, ಬೆಟ್ಟಸ್ವಾಮಿಯವರದು. ಹೆಲ್ಮೆಟ್ಟಿನೊಳಗಿನ ಪುಟ್ಟ ರೇಡಿಯೊ ಅದು. ಕೆಳಗಿನ ಮಾತು ಮೇಲಕ್ಕೆ ಹೋಗುತ್ತದೆ, ಮೇಲಿನ ಮಾತು ಕೆಳಕ್ಕೆ ಬರುವುದಿಲ್ಲ. ಅಲ್ಲಿಂದ ಯಾರೂ ಏನನ್ನೂ ಕೇಳುವಂತಿಲ್ಲ.

ಮೂರನೆಯ ಸಲ ಧುಮುಕಿದಾಗ ಅವಳು ಅವಸರಪಟ್ಟಳು. ನೆಲ ಇನ್ನೂ ನಾಲ್ಕಾಳುದ್ದ ಕೆಳಗಿರುವಾಗಲೇ ಎರಡು ಹಿಡಿಯನ್ನೂ ಎಳೆದುಬಿಟ್ಟಳು. ಕೆಳಗೆ ನಿಂತ ಬೆಟ್ಟಸ್ವಾಮಿಯವರು ಎಂದಿನ ದನಿಯಲ್ಲಿ, ಅವಳು ಗಾಬರಿಯಾಗಬಾರದೆಂದು, "ಬೇಗ ಎಳ್ದೆ ಕಣಮ್ಮ. ಬುಡು, ಪರವಾಗಿಲ್ಲ, ಹಂಗೇ ಇರು" ಅಂದರು. ಕೊನೆಯ ಎರಡು ಮಾತು ಅವಳನ್ನು ಮುಟ್ಟುವ ಮೊದಲೇ ಛತ್ರಿ ಮುಂದಕ್ಕೆ ನುಗ್ಗಿತ್ತು. ಬಲಗಾಲಿನ ಮೂಳೆ ಎರಡು ಕಡೆ ಮುರಿದದ್ದು ದೂರಕ್ಕೂ ಕೇಳಿಸಿತು ಎಂದು ಚನ್ನೇಶ್ ಹೇಳಿದ. ಆ ದಿನ ಅವನು ಯಾರನ್ನೂ ರೇಗಿಸಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತು ಬೆಟ್ಟಸ್ವಾಮಿಯವರು, ಎಷ್ಟು ಸಲ ಹೇಳಿಕೊಟ್ಟಿದ್ದೆ, ಕೈ ಯಾಕೆ ಸಡಿಲಿಸಿದೆ ಎಂದು ಕೇಳಿದರಂತೆ. ಅವಳು ಆಶ್ಚರ್ಯದಿಂದ ಅವರ ಮುಖ ನೋಡಿ, "ನೀವೇ ಬುಡು ಅಂದ್ರಲ್ಲ ಸಾರ್," ಅಂದಳು.

"ನಾ ಅಂದಿದ್ದು ಆ ಬುಡು ಅಲ್ಲಮ್ಮ."

"ಅಲ್ಲಿ ಎರಡೂ ಒಂದೇ ಥರ ಕೇಳಿಸ್ತದೆ ಸಾರ್."

ಅವಳು ಬೈದಿದ್ದರೆ ಇವರು ತಡೆದುಕೊಳ್ಳುತ್ತಿದ್ದರು. ಅವಳ ಅಪ್ಪ ರುದ್ರಯ್ಯ ಬಾಗಿಲ ಬಳಿ ನಿಂತಿದ್ದರು, ಅವರೂ ಬೈಯಲಿಲ್ಲ. ಬೆಟ್ಟಸ್ವಾಮಿಯವರು ಆ ಸಂಜೆ ಗುಬ್ಬಿಗೆ ಬಂದು ಮರಳು ಗುಂಡಿಯ ಅಂಚಿನಲ್ಲಿ ಕೂತರು. ನಾನು ಹೋಗಿ, ನನ್ನ ಬಾಯಿಗೂ ಬೇರೇನು ಬಂದೀತು, "ಆಗಿದ್ದಾಯ್ತು, ಹೋಗ್ಲಿ ಬುಡಿ ಬೆಟ್ಟಸ್ವಾಮಿ" ಅಂದೆ. ಅವರು ಕೈಯೆತ್ತಿ ತಡೆದರು. "ಆ ಮಾತು ಅನ್ಬ್ಯಾಡಿ ಅಕ್ಕಾವ್ರೆ," ಅಂದರು. "ಬ್ಯಾರೆ ಭಾಷೆ ಬ್ಯಾಡ, ಅವ್ವ ಕರ್ದಂಗಿರ್ಬೇಕು ಅಂದೋನು ನಾನು. ಅವ್ವ ಕರ್ದಂಗೇ ಕರ್ದೆ, ಅವಳು ಕೇಳಿದ್ಲು." ಮಾರನೆಯ ದಿನದಿಂದ ಪಾಠ ನಿಂತಿತು. ಜೋಲಿಯನ್ನು ಕೊಕ್ಕೆಯಿಂದ ಇಳಿಸಿ ಮೂಲೆಯಲ್ಲಿಟ್ಟರು. ಗೋಡೌನಿನಲ್ಲಿ ಮತ್ತೆ ಹಳೆಯ ಕೊಬ್ಬರಿಯ ವಾಸನೆ ಏಳತೊಡಗಿತು.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಕ್ಷತಾ ಕೋಲೂರಿಕೊಂಡು ಬಂದು ಗೋಡೌನಿನ ಬಾಗಿಲಲ್ಲಿ ನಿಂತಳು. ಮತ್ತೆ ಧುಮುಕುತ್ತೇನೆ, ನಿಮ್ಮ ಕೈಯಲ್ಲೇ ಅಂದಳು. ಬೇರೆ ಊರಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಡುವವರಿದ್ದಾರೆ, ವಿಳಾಸ ಕೊಡುತ್ತೇನೆ ಎಂದರು ಇವರು. ಅವಳು ಕೋಲನ್ನು ಗೋಡೆಗೆ ಒರಗಿಸಿ, ಎರಡು ಕಾಲ ಮೇಲೆ ನೆಟ್ಟಗೆ ನಿಂತಳು.

"ಕಾರ್ತೀಕದೊತ್ಗೆ ಡಾಕ್ಟ್ರು ಆಗಬೌದು ಅಂದವ್ರೆ. ನನ್ ಕಾಲು ಗಟ್ಟಿ ಆಯ್ತದೆ ಸಾರ್. ನಿಮ್ ನಾಲಗೆ?"

ಬೆಟ್ಟಸ್ವಾಮಿಯವರು ನನ್ನ ಕಡೆ ತಿರುಗಿ, "ಅಕ್ಕಾವ್ರೆ, ನಿಮ್ ಕಿವಿ ಚುರುಕೈತೆ. ಇವತ್ನಿಂದ ನನ್ ಬಾಯಲ್ಲಿ ಅದು ಬಂದ್ರೆ ಹೇಳಿ," ಅಂದರು. ಬಂದರೆ ಏನು ಎಂದು ಕೇಳಿದ್ದಕ್ಕೆ, ಕಟ್ಟೆ ಹತ್ತಿ, ಕೋಟಿನ ಸಮೇತ ಮರಳಿಗೆ ಧುಮುಕಿ ಉರುಳಿ ತೋರಿಸಿದರು.

ಮೊದಲ ದಿನ ಹದಿನಾಲ್ಕು ಸಲ ಉರುಳಿದರು. ಚನ್ನೇಶ್ ಬೇಕೆಂದೇ ಬಂದು, "ಸಾರ್, ಕಾಫಿ ತರ್ಲಾ?" ಅನ್ನುವನು, "ಬ್ಯಾಡ ಬು" ಎಂದು ಅರ್ಧಕ್ಕೆ ನಿಲ್ಲಿಸಿ ಇವರು ನನ್ನ ಮುಖ ನೋಡುವರು. "ಅರ್ಧಕ್ಕೂ ಬೀಳ್ಬೇಕು ಸಾರ್," ಅನ್ನುವನು ಅವನು. ಮರಳು ಕೊಡವಿಕೊಳ್ಳುತ್ತ, "ನಿನ್ ಟೈರೆಲ್ಲ ಪಂಚರ್ ಆಗ, ನಡಿಯಲಾ ಅತ್ಲಾಗೆ," ಎಂದು ಬೈದು ಇವರು ಮತ್ತೆ ಕಟ್ಟೆ ಹತ್ತುವರು. ನಗುತ್ತಿದ್ದೆವು, ನಿಜ. ಆದರೆ ಒಂದು ಮಾತನ್ನು ಬಾಯಿಂದ ಕಿತ್ತರೆ ಬರೀ ಬಾಯಿ ಖಾಲಿಯಾಗುವುದಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಅವರ ಮಾತೆಲ್ಲ ಮೊಂಡಾಯಿತು. ಹೆಬ್ಬೂರಿನಿಂದ ತಂಗಿ ಚೆನ್ನಮ್ಮ ಫೋನು ಮಾಡಿ, "ಯಾಕಣ್ಣ, ಕಡ್ಡಿ ಮುರ್ದಂಗೆ ಮಾತಾಡ್ತೀಯ, ನನ್ ಮ್ಯಾಲೆ ಸಿಟ್ಟಾ?" ಎಂದು ಅತ್ತಳು. ಅತ್ತವಳನ್ನು ಸಮಾಧಾನ ಮಾಡಬೇಕಾದರೂ ಬೇಕಾದದ್ದು ಅದೇ ಮಾತು. ಗುಬ್ಬಿಯಲ್ಲಿ ಒಂದು ಸಾವಾಯಿತು. ಹೆಂಡತಿ ಕಳೆದುಕೊಂಡವನ ಎದುರು ಕೂತ ನೆರೆಹೊರೆಯವರೆಲ್ಲ "ಬುಡಪ್ಪ, ಹಣೇಬರ" ಅನ್ನುತ್ತಿದ್ದರೆ, ಬೆಟ್ಟಸ್ವಾಮಿಯವರು ಏನೂ ಅನ್ನಲಾರದೆ ಅವನ ಕೈ ಹಿಡಿದುಕೊಂಡು ಮಧ್ಯಾಹ್ನದವರೆಗೆ ಕೂತಿದ್ದರು. ಅವನು ಇವತ್ತಿಗೂ ಇವರನ್ನು ಕಂಡರೆ ಎದ್ದು ನಿಲ್ಲುತ್ತಾನೆ.

ಕಾರ್ತೀಕ ಕಳೆಯಿತು. ಡಾಕ್ಟರು ಆಗಬಹುದೆಂದರು, ಅಕ್ಷತಾ ಮರಳಿನಲ್ಲಿ ನೂರಾರು ಸಲ ಉರುಳಿದಳು, ಆದರೆ ಇವರು ಹೂಂ ಅನ್ನಲಿಲ್ಲ. ನಲವತ್ತು ದಿನ ಒಂದೇ ಸಮ ಆ ಮಾತು ಬರದೆ ಇದ್ದರೆ ಸರಿ ಎಂದು ತಾವೇ ನೇಮ ಮಾಡಿಕೊಂಡಿದ್ದರು. ಮೂವತ್ತೆರಡನೆಯ ದಿನ ನಿದ್ದೆಗಣ್ಣಿನಲ್ಲಿ ಹಾಲಿನವನಿಗೆ "ಇಟ್ಟೋಗು ಬುಡು" ಅಂದದ್ದನ್ನು ತಾವೇ ಬಂದು ನನಗೆ ಒಪ್ಪಿಸಿ, ಮರಳಿಗೆ ಬಿದ್ದು, ಮತ್ತೆ ಒಂದರಿಂದ ಶುರುಮಾಡಿದರು.

ಕೊನೆಗೆ ಆ ದಿನ ನನ್ನನ್ನೂ ಕುಣಿಗಲ್ಲಿನ ಬಯಲಿಗೆ ಕರೆದುಕೊಂಡು ಹೋದರು. ರಾಗಿ ಕೊಯ್ದ ಹೊಲಗಳ ನಡುವೆ ಹಸಿರು ಬಯಲು. ಗಾಳಿಚೀಲ ಸೋತ ಬಾವುಟದ ಹಾಗೆ ಕಂಬಕ್ಕೆ ಅಂಟಿಕೊಂಡಿತ್ತು. ವಿಮಾನ ಮೇಲೇರಿ ಹೇನಿನಷ್ಟಾಗಿ, ಅದರಿಂದ ಒಂದು ಚುಕ್ಕೆ ಕಳಚಿ, ಚುಕ್ಕೆ ಅರಳಿ ನೀಲಿ ಹೂವಾಯಿತು. ಬೆಟ್ಟಸ್ವಾಮಿಯವರು ರೇಡಿಯೊ ಬಾಯಿಗೆ ಹಿಡಿದು, ಕತ್ತೆತ್ತಿ, ಜೋಡಿಗಾಲಿನಲ್ಲಿ ನಿಂತಿದ್ದರು. "ಎಡಕ್ಕೆ." "ಸಾಕು." "ನೆಟ್ಟಗೆ." ಮಾತಿಗೂ ಮಾತಿಗೂ ನಡುವೆ ಅಷ್ಟೊಂದು ಆಕಾಶ. ರುದ್ರಯ್ಯ ಟವೆಲ್ಲನ್ನು ಕೈಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಹೂವು ದೊಡ್ಡದಾಗುತ್ತ ಬಂತು, ಅವಳ ಕಾಲು ಕಂಡವು, ಶೂಗಳು ಜೋಡಿಸಿಕೊಂಡದ್ದು ಕಂಡಿತು. ಅಷ್ಟರಲ್ಲಿ, ಹೋದ ಸಲದ ಹಾಗೆಯೇ, ತೀರಾ ಮೇಲೆಯೇ, ಅವಳು ಎರಡೂ ಹಿಡಿಯನ್ನು ಎಳೆದುಬಿಟ್ಟಳು.

ಬೆಟ್ಟಸ್ವಾಮಿಯವರ ಬಾಯಿ ತೆರೆದದ್ದನ್ನು ನಾನು ನೋಡಿದೆ. ತುಟಿ ಕೂಡಿತು, ಆ ಮಾತಿಗೆ ಕೂಡುವ ಹಾಗೆಯೇ ಕೂಡಿತು. ಎಷ್ಟು ಹೊತ್ತು ಎಂದರೆ ಹೇಳಲಾರೆ. ಒಂದು ಉಸಿರು ಇರಬೇಕು. ಆಮೇಲೆ ತುಟಿ ಬಿಚ್ಚಿ, ಬೇರೆಯೇ ಮಾತು ಬಂತು.

"ಹಿಡ್ಕೊ."

ಮತ್ತೆ, ಅದೇ ದನಿಯಲ್ಲಿ, ಅವಸರವಿಲ್ಲದೆ, "ಹಿಡ್ಕೊ. ಹಿಡ್ಕೊಂಡೇ ಇರು."

ಅವಳು ಹಿಡಿದುಕೊಂಡಳು. ಛತ್ರಿ ಒಮ್ಮೆ ತಡವರಿಸಿ, ಹಾಗೆಯೇ ಕೆಳಗಿಳಿಯಿತು. ಪಾದ, ಮೀನಖಂಡ, ತೊಡೆ, ಪಕ್ಕೆ. ಹುಲ್ಲಿನ ಮೇಲೆ ಉರುಳಿ ಅವಳು ಎದ್ದು ಕೂತಳು. ನೀಲಿ ಬಟ್ಟೆ ನಿಟ್ಟುಸಿರಿನ ಹಾಗೆ ಅವಳ ಹಿಂದೆ ಮಲಗಿತು. ಚನ್ನೇಶ್ ಓಡಿದ, ರುದ್ರಯ್ಯ ಓಡಿದರು, ಅವಳು ಮಾತ್ರ ಎರಡೂ ಕೈಯನ್ನು ಸೊಂಟದ ಬಳಿ ಗಟ್ಟಿಯಾಗಿ ಒತ್ತಿ, ಹಿಡಿಗಳನ್ನು ಹಿಡಿದುಕೊಂಡೇ ಕೂತಿದ್ದಳು.

"ಬುಡವ್ವ, ಆಯ್ತಲ್ಲ," ಅಂದರು ಅಪ್ಪ.

"ಸಾರ್ ಹೇಳ್ಲಿ," ಅಂದಳು ಅವಳು.

ಎಲ್ಲರೂ ಬೆಟ್ಟಸ್ವಾಮಿಯವರನ್ನು ನೋಡಿದೆವು. ಈಗ ಅನ್ನಬಹುದಿತ್ತು, ಆ ಮಾತಿಗೆ ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಅವರು ರೇಡಿಯೊವನ್ನು ಹುಲ್ಲಿನ ಮೇಲಿಟ್ಟು, ತಮ್ಮ ಬಾಗಿದ ಮಂಡಿಯ ನಡಿಗೆಯಲ್ಲಿ ಮೆಲ್ಲಗೆ ನಡೆದು ಹೋಗಿ, ಅವಳೆದುರು ಛತ್ರಿ ಮಡಿಸುವಾಗ ಕೂರುವ ಹಾಗೆ ಮಂಡಿಯೂರಿ, ಅವಳ ಬೆರಳುಗಳನ್ನು ಕಿರುಬೆರಳಿನಿಂದ ಮೊದಲುಮಾಡಿ ಒಂದೊಂದಾಗಿ ಬಿಡಿಸಿದರು. ಹತ್ತನೆಯದು ಬಿಡಿಸುವ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರಿತ್ತು.

ನನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿಯೂ ಇಂಥವಳೇ ಇದ್ದಳು. ಮನೆ ತುಂಬ ಹೆಂಗಸರು ಬಾಯಿಗೆ ಬಂದದ್ದು ಅನ್ನುತ್ತಿದ್ದರೆ, ಅವಳು ರಾತ್ರಿಯೆಲ್ಲ ಕಾದು ಎರಡೇ ಮಾತು ಆಡಿದ್ದಳು, ಆ ಎರಡನ್ನೇ ಹಿಡಿದು ನಾನು ದಡ ಸೇರಿದ್ದೆ. ಆಕಾಶಕ್ಕೆ ಹೋದವರ ಫೋಟೋವನ್ನು ಊರು ನೋಡುತ್ತದೆ. ಕೆಳಗೆ ಕತ್ತೆತ್ತಿ ನಿಂತವರು ಫೋಟೋದಲ್ಲಿ ಬರುವುದಿಲ್ಲ. ನಾವೆಲ್ಲ ಮಾತನ್ನು ಬಾಯಿಂದಾಚೆ ಹಾಕಿದರೆ ನಮ್ಮ ಕೆಲಸ ಮುಗಿಯಿತೆಂದುಕೊಳ್ಳುವವರು. ಇಂಥ ಕೆಲವರು ಮಾತ್ರ, ಆಡಿದ ಮಾತು ಇನ್ನೊಬ್ಬರ ಮೈಮೇಲೆ ಹೋಗಿ ಇಳಿಯುವ ತನಕ ಅದರ ಹಿಂದೆಯೇ ನೋಡುತ್ತ ನಿಂತಿರುತ್ತಾರೆ, ಪಾದ ಜೋಡಿಸಿ, ಮಂಡಿ ತುಸು ಬಾಗಿಸಿ, ಅದರ ಭಾರ ಅಕಸ್ಮಾತ್ ತಮ್ಮ ಕಡೆಗೇ ಬಂದರೆ ತಡೆದುಕೊಳ್ಳಲು.